ಹೋಂಸ್ಟೇ ಲಿಂಕ್ ವಿಕಿಪೀಡಿಯದಲ್ಲಿ ಯಾಕೆ ಉಳಿಯಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ನಮ್ಮ ಚಿಕ್ಕಮಗಳೂರು ಕಡೆಯ ಹೋಂಸ್ಟೇ ಮಾಲೀಕರೊಬ್ಬರ ಪತ್ರ ಬಂದಿತ್ತು. ಕನ್ನಡ ವಿಕಿಪೀಡಿಯದಲ್ಲಿ ಬೆಟ್ಟವೊಂದರ ಲೇಖನಕ್ಕೆ ತಮ್ಮ ವೆಬ್‌ಸೈಟ್ ಲಿಂಕ್ ಸೇರಿಸಿದರೆ ಯಾರೋ ಮತ್ತೆ ಮತ್ತೆ ಕಿತ್ತು ಹಾಕುತ್ತಿದ್ದಾರೆ, ಇದು ಸ್ಥಳೀಯರ ಹೊಟ್ಟೆ ಮೇಲೆ ಹೊಡೆಯುವ ಕೆಲಸ ಅಂತ ಅವರ ದೂರು. ಬಿಡುವಿದ್ದಾಗ ವಿಕಿಪೀಡಿಯದಲ್ಲಿ ಬರೆಯುವವನು ನಾನು. ಅವರ ಲಿಂಕ್ ತೆಗೆದವನು ನಾನಲ್ಲ. ಆದರೆ ಕಣ್ಣಿಗೆ ಬಿದ್ದಿದ್ದರೆ ನಾನೂ ತೆಗೆಯುತ್ತಿದ್ದೆ.

ವಿಕಿಪೀಡಿಯ ಲೇಖನದ ಮೇಲ್ಗಡೆ ಇತಿಹಾಸ ಅಂತ ಒಂದು ಟ್ಯಾಬ್ ಇರುತ್ತದೆ, ಒಮ್ಮೆ ಒತ್ತಿ ನೋಡಿ. ಯಾರು ಯಾವಾಗ ಎಷ್ಟು ಬೈಟ್ ಸೇರಿಸಿದರು, ಎಷ್ಟು ತೆಗೆದರು ಎಲ್ಲ ಸಾಲಾಗಿ ಸಿಗುತ್ತದೆ. ಸೇರಿಸಿದ್ದು ಹಸಿರು, ತೆಗೆದದ್ದು ಕೆಂಪು. ಲಿಂಕ್ ಜಗಳ ನಡೆದ ಪುಟವಾದರೆ ನೋಡಿದ ತಕ್ಷಣ ಗೊತ್ತಾಗುತ್ತದೆ, ಅದೇ ಸಂಖ್ಯೆ ಒಮ್ಮೆ ಹಸಿರು, ಒಮ್ಮೆ ಕೆಂಪು, ಮತ್ತೆ ಹಸಿರು, ಮತ್ತೆ ಕೆಂಪು. ಬದಲಾವಣೆಗೆ ಕಾರಣ ಬರೆಯುವ ಜಾಗದಲ್ಲಿ ಮೊದಲು ಏನೂ ಇರಲ್ಲ. ಆಮೇಲೆ ಒಬ್ಬರು ‘ಜಾಹೀರಾತು’ ಅಂತಾರೆ. ಅದಕ್ಕೆ ಇನ್ನೊಬ್ಬರು ‘ನೀನ್ಯಾರು ಕೇಳೋಕೆ’ ಅಂತಾರೆ. ಇಷ್ಟೆಲ್ಲ ಆದರೂ ಪಕ್ಕದಲ್ಲೇ ಇರುವ ಚರ್ಚೆ ಪುಟ ಖಾಲಿ ಖಾಲಿ. ಇಬ್ಬರೂ ಆ ಕಡೆ ತಲೆ ಹಾಕಿರುವುದಿಲ್ಲ.

ಪತ್ರ ಬರೆದವರ ಮೊದಲ ಪ್ರಶ್ನೆ, ಯಾರು ಬೇಕಾದರೂ ತಿದ್ದಬಹುದು ಅಂದಮೇಲೆ ನಾನು ಸೇರಿಸಿದ್ದನ್ನು ಯಾಕೆ ತೆಗೆಯಬೇಕು ಅಂತ. ಯಾರು ಬೇಕಾದರೂ ತಿದ್ದಬಹುದು ಅಂದಮೇಲೆ ನಿಮ್ಮದನ್ನೂ ತಿದ್ದಬಹುದು, ಅಲ್ವಾ? ಅದಿರಲಿ. ಬೇಲೂರು ದೇವಸ್ಥಾನದ ಲೇಖನದ ಕೊನೆಗೆ ಯುನೆಸ್ಕೊ ಪುಟದ ಲಿಂಕ್ ಇದ್ದರೆ ಓದುವವರಿಗೆ ಉಪಯೋಗ, ಲೇಖನದಲ್ಲಿ ಹಿಡಿಸದ ನಕ್ಷೆ, ದಾಖಲೆ ಅಲ್ಲಿ ಸಿಗುತ್ತವೆ. ಒಂದು ಕಾಲೇಜಿನ ಲೇಖನಕ್ಕೆ ಆ ಕಾಲೇಜಿನ ಅಧಿಕೃತ ವೆಬ್‌ಸೈಟ್ ಲಿಂಕ್ ಕೊಡುವುದೂ ಸರಿ. ಬೆಟ್ಟದ ಲೇಖನಕ್ಕೆ ಆ ಬೆಟ್ಟದಿಂದ ಹನ್ನೆರಡು ಕಿಲೋಮೀಟರ್ ದೂರದ ತೋಟದಲ್ಲಿ ರೂಮಿನ ಬಾಡಿಗೆ ಎಷ್ಟು ಅಂತ ಹೇಳುವ ಪುಟ ಯಾಕೆ ಬೇಕು? ಒಬ್ಬರಿಗೆ ಬಿಟ್ಟರೆ ಉಳಿದವರಿಗೆ ಬೇಡ ಅನ್ನೋಕಾಗಲ್ಲ. ಈ ಜಿಲ್ಲೆಯಲ್ಲಿ ಹೋಂಸ್ಟೇ ಎಷ್ಟಿವೆ ಅಂತ ನಿಮಗೇ ಗೊತ್ತು. ಎಲ್ಲರೂ ಒಂದೊಂದು ಹಾಕಿದರೆ ಮುಳ್ಳಯ್ಯನಗಿರಿ ಲೇಖನ ಬಸ್ ಸ್ಟ್ಯಾಂಡ್ ಗೋಡೆ ಆಗಿಬಿಡುತ್ತದೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಈ ಬಗ್ಗೆ ಉದ್ದನೆಯ ಮಾರ್ಗಸೂಚಿಯೇ ಇದೆ, ಕನ್ನಡದಲ್ಲೂ ಹೆಚ್ಚುಕಮ್ಮಿ ಅದೇ ದಾರಿ. ಹೊರಗಿನ ಲಿಂಕ್‌ಗಳು ಲೇಖನದ ಕೊನೆಯಲ್ಲಿ, ಕೆಲವೇ ಕೆಲವು. ವಾಕ್ಯದ ನಡುವೆ ತುರುಕುವ ಹಾಗಿಲ್ಲ. ಮಾರಾಟದ ಪುಟ, ಕಾಪಿರೈಟ್ ಮುರಿದು ಹಾಕಿದ ಪುಟ ಬೇಡ. ನಿಮ್ಮದೇ ಸೈಟ್ ಆದರೆ ನೀವೇ ಸೇರಿಸಬೇಡಿ, ಚರ್ಚೆ ಪುಟದಲ್ಲಿ ಹೇಳಿ, ಬೇರೆಯವರು ನೋಡಿ ತೀರ್ಮಾನಿಸಲಿ. ಒಂದು ಲಿಂಕಿನ ಬಗ್ಗೆ ತಕರಾರು ಬಂತು ಅಂದರೆ ಅದು ಯಾಕೆ ಬೇಕು ಅಂತ ಒಪ್ಪಿಸುವ ಹೊಣೆ ಬೇಕು ಅನ್ನುವವರದ್ದು. ಅಲ್ಲಿಯವರೆಗೆ ಲಿಂಕ್ ಹೊರಗೇ ಇರುತ್ತದೆ. ಸುಮ್ನೆ ಹಾಕುತ್ತಾ ತೆಗೆಯುತ್ತಾ ಕೂತರೆ, ಅಂದರೆ ಒಂದೇ ಪುಟದಲ್ಲಿ ಬೇರೆಯವರು ಮಾಡಿದ್ದನ್ನು 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ರದ್ದು ಮಾಡಿದರೆ, ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆಗೇ ತಡೆ ಬೀಳಬಹುದು. ಹಾಕುವವರಿಗೂ ಅದೇ, ತೆಗೆಯುವವರಿಗೂ ಅದೇ.

ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ‘ಡಿಜಿಟಲ್ ಮಾರ್ಕೆಟಿಂಗ್’ ಅಂತ ಬೋರ್ಡ್ ಹಾಕಿಕೊಂಡವರು ಇದನ್ನು ಮುಚ್ಚಿಟ್ಟು ದುಡ್ಡು ತಗೊಳ್ಳುತ್ತಾರೆ. ವಿಕಿಪೀಡಿಯದಲ್ಲಿ ಲಿಂಕ್ ಇದ್ದರೆ ಗೂಗಲ್‌ನಲ್ಲಿ ನಿಮ್ಮ ಸೈಟ್ ಮೇಲೆ ಬರುತ್ತದೆ ಅಂತ ಇವರು ಹೇಳುವುದು. ಆದರೆ ಅಲ್ಲಿನ ಹೊರ ಲಿಂಕ್‌ಗಳಿಗೆಲ್ಲ ‘ನೋಫಾಲೋ’ ಅನ್ನುವ ಗುರುತು ಅಂಟಿಕೊಂಡಿರುತ್ತದೆ, ಇದಕ್ಕೆ ಶಿಫಾರಸಿನ ಬೆಲೆ ಕೊಡಬೇಡಿ ಅಂತ ಸರ್ಚ್ ಎಂಜಿನ್‌ಗೆ ಹೇಳುವ ಗುರುತು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2007ರಿಂದ ಹೀಗೇ ಇದೆ. ಅದರ ಮೇಲೆ ಒಂದೇ ಸೈಟಿನ ಲಿಂಕ್ ಹತ್ತಾರು ಲೇಖನಗಳಿಗೆ ಅಂಟಿಸಿದರೆ ಆ ಸೈಟಿನ ಹೆಸರು ಸ್ಪ್ಯಾಮ್ ಕಪ್ಪುಪಟ್ಟಿಗೆ ಹೋಗಬಹುದು. ಎಲ್ಲ ಭಾಷೆಗಳಿಗೂ ಸೇರಿ ಇರುವ ವಿಕಿಯ ಕೇಂದ್ರ ಕಪ್ಪುಪಟ್ಟಿಗೆ ಹೋದರೆ ಯಾವ ಭಾಷೆಯ ವಿಕಿಪೀಡಿಯದಲ್ಲೂ ಆ ವಿಳಾಸ ಹಾಕಿ ಪುಟ ಉಳಿಸೋಕೆ ಆಗಲ್ಲ. ದುಡ್ಡು ಕೊಟ್ಟು ಹೆಸರು ಕೆಡಿಸಿಕೊಂಡ ಹಾಗಾಯಿತು.

ಹೋಂಸ್ಟೇಗಳಿಗೆ ಜಾಗವೇ ಇಲ್ಲ ಅಂತೇನಿಲ್ಲ. ವಿಕಿಪೀಡಿಯ ನಡೆಸುವ ಸಂಸ್ಥೆಯದ್ದೇ ಇನ್ನೊಂದು ಯೋಜನೆ ವಿಕಿವಾಯೇಜ್, ಪ್ರವಾಸಿಗರ ಕೈಪಿಡಿ ಅದು. ಇಂಗ್ಲಿಷಿನ ವಿಕಿವಾಯೇಜ್‌ನಲ್ಲಿ ಊರಿನ ಪುಟದೊಳಗೆ ಉಳಿಯುವ ಜಾಗಗಳಿಗೆ ಅಂತಲೇ ವಿಭಾಗ ಇದೆ, ಹೆಸರು, ಫೋನ್, ವೆಬ್‌ಸೈಟ್ ಎಲ್ಲ ಹಾಕಬಹುದು. ‘ಸ್ವರ್ಗಕ್ಕೇ ಕಿಚ್ಚು ಹಚ್ಚುವ ನೋಟ’ ಅಂತೆಲ್ಲ ಬರೆಯದಿದ್ದರೆ ಸಾಕು.

ಇಷ್ಟು ಹೇಳಿ, ತೆಗೆಯುವವರ ಕಡೆಗೂ ಬರುತ್ತೇನೆ. ನಮ್ಮವರು ಮಾಡುವುದೆಲ್ಲ ಸರಿ ಅಂತ ನನಗೇನೂ ಅನ್ನಿಸಿಲ್ಲ. ಹಾಸನ ಜಿಲ್ಲೆಯ ಒಂದು ಹಳ್ಳಿಯ ಲೇಖನದಲ್ಲಿ ಹೀಗಾಯಿತು. ಆ ಊರಿನ ನಿವೃತ್ತ ಮೇಷ್ಟ್ರು ಕೆರೆ ಏರಿಯ ಮೇಲಿನ ವೀರಗಲ್ಲುಗಳ ಫೋಟೊ ತೆಗೆದು, ಒಂದೊಂದರ ಮೇಲಿರುವ ಬರಹವನ್ನು ಬಿಡಿಸಿ ಓದಿ ತಮ್ಮ ಬ್ಲಾಗ್‌ನಲ್ಲಿ ಹಾಕಿದ್ದರು. ಸುಣ್ಣ ಬಳಿದು ಅಕ್ಷರ ಮುಚ್ಚಿಹೋದ ಕಲ್ಲು ಯಾವುದು, ಬಟ್ಟೆ ಒಗೆಯೋಕೆ ಹಾಸಿಕೊಂಡಿರುವ ಕಲ್ಲು ಯಾವುದು ಅಂತ ಸಮೇತ ಬರೆದಿದ್ದರು. ಯಾರೋ ಓದುಗರು ಆ ಲಿಂಕನ್ನು ‘ಬಾಹ್ಯ ಕೊಂಡಿಗಳು’ ಕೆಳಗೆ ಸೇರಿಸಿದರು. ಮಾರನೇ ದಿನವೇ ಹೋಯಿತು. ಕಾರಣ ‘ಬ್ಲಾಗ್’, ಒಂದೇ ಪದ. ಆ ಲೇಖನದಲ್ಲೇ, ಎರಡು ಸಾಲು ಮೇಲೆ, ಟ್ಯಾಕ್ಸಿ ಬುಕಿಂಗ್ ಸೈಟೊಂದರ ಲಿಂಕ್ ಹಾಯಾಗಿ ಕೂತಿತ್ತು! ವೈಯಕ್ತಿಕ ಬ್ಲಾಗ್ ಸಾಮಾನ್ಯವಾಗಿ ಬೇಡ ಅನ್ನುವುದು ನಿಯಮ ನಿಜ, ವಿಷಯ ಬಲ್ಲವರೆಂದು ಹೆಸರಾದವರು ಬರೆದದ್ದಕ್ಕೆ ಮಾತ್ರ ವಿನಾಯಿತಿ. ಆದರೆ ಲಿಂಕ್ ಒತ್ತಿ ನೋಡದೇ ತೆಗೆಯಿರಿ ಅಂತ ಯಾವ ನಿಯಮವೂ ಹೇಳಲ್ಲ.

ಕೊನೆಗೆ ಅದು ಬಗೆಹರಿದದ್ದು ಚರ್ಚೆ ಪುಟದಲ್ಲೇ. ಮೇಷ್ಟ್ರು ಒಪ್ಪಿ ಫೋಟೊಗಳನ್ನು ಯಾರು ಬೇಕಾದರೂ ಬಳಸುವ ಹಾಗೆ ಮುಕ್ತ ಪರವಾನಗಿಯಲ್ಲಿ, ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಭಂಡಾರ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದರು, ಈಗ ಅವು ಲೇಖನದ ಒಳಗೇ ಇವೆ. ಕಲ್ಲುಗಳ ಬರಹಕ್ಕೆ ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟ, ಐದನೆಯದು, 1902ರದ್ದು, ಅದನ್ನು ಉಲ್ಲೇಖವಾಗಿ ಕೊಟ್ಟದ್ದಾಯಿತು. ಅದರ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಿಗಾದರೂ ಪುಕ್ಕಟೆ ಸಿಗುತ್ತದೆ. ನಮ್ಮ ಕಡೆಯದ್ದು ಬೇಕಿದ್ದರೆ ಕಡೂರು ಜಿಲ್ಲೆ ಅಂತ ಹುಡುಕಿ, ಆರನೇ ಸಂಪುಟ, ಆಗ ಈ ಜಿಲ್ಲೆಯ ಹೆಸರು ಅದೇ. ಬ್ಲಾಗ್ ಲಿಂಕ್ ಇರಬೇಕೋ ಬೇಡವೋ ಅನ್ನುವ ಜಗಳದಿಂದ ಶುರುವಾಗಿ ಲೇಖನ ಮೊದಲಿಗಿಂತ ದುಪ್ಪಟ್ಟು ಚೆನ್ನಾಯಿತು. ಟ್ಯಾಕ್ಸಿ ಲಿಂಕ್ ಹೋಯಿತು, ಅದಕ್ಕೆ ಯಾರೂ ಅಳಲಿಲ್ಲ.

ಹಾಗಾಗಿ ಪತ್ರ ಬರೆದ ಹೋಂಸ್ಟೇ ಮಾಲೀಕರಿಗೆ ಹೇಳುವುದಿಷ್ಟೇ. ಸರ್, ನಿಮ್ಮ ತೋಟದಿಂದ ಕಾಣುವ ಬೆಟ್ಟದ ಒಳ್ಳೆ ಫೋಟೊ ಇದ್ದರೆ ಕಾಮನ್ಸ್‌ಗೆ ಹಾಕಿ. ಆ ಬೆಟ್ಟದ ಜಾತ್ರೆ ಯಾವಾಗ, ಶೋಲಾ ಕಾಡು ಎಲ್ಲಿಂದ ಎಲ್ಲಿಯವರೆಗಿದೆ ಅಂತ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದು ಯಾವ ಪುಸ್ತಕದಲ್ಲಿ ಅಚ್ಚಾಗಿದೆ ನೋಡಿ ಬರೆಯಿರಿ. ಖಾತೆ ತೆರೆಯೋಕೆ ಐದು ನಿಮಿಷ ಸಾಕು, ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕನ್ನಡ ವಿಕಿಪೀಡಿಯದಲ್ಲಿ ಅರಳಿ ಕಟ್ಟೆ ಅನ್ನುವ ಮಾತುಕತೆಯ ಪುಟದಲ್ಲಿ ಕೇಳಿ, ಅಲ್ಲಿ ಬೈಯುವವರು ಕಮ್ಮಿ.

ಸಂಪಾದಕರೇ, ನಿಮ್ಮಿಂದಲೂ ಒಂದು ಉಪಕಾರ ಆಗಬೇಕು. ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಕನ್ನಡ ಪತ್ರಿಕೆಗಳು ಚೆನ್ನಾಗಿ ಬರೆದವು. ಲೇಖನಗಳಿಗೆ ಉಲ್ಲೇಖ ಕೊಡೋಕೆ ನಮಗೆ ಬೇಕಾಗುವುದು ಇಂಥ ಸುದ್ದಿಗಳೇ, ಬ್ಲಾಗ್ ಯಾಕೆ ಹಾಕಿದ್ರಿ ಅನ್ನುವ ಜಗಳವೂ ಆಗ ಬರಲ್ಲ. ಆದರೆ ಪತ್ರಿಕೆಗಳು ವೆಬ್‌ಸೈಟಿನ ವಿನ್ಯಾಸ ಬದಲಾಯಿಸಿದಾಗಲೆಲ್ಲ ಹಳೆ ಸುದ್ದಿಗಳ ವಿಳಾಸ ಸತ್ತುಹೋಗುತ್ತದೆ, ಒತ್ತಿದರೆ ‘ಪುಟ ಸಿಗಲಿಲ್ಲ’ ಅಂತ ಬರುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಾದರೂ ಆ ಪುಟದ ಪ್ರತಿ ಉಳಿಸಿದ್ದರೆ ಬಚಾವ್, ಇಲ್ಲದಿದ್ದರೆ ಉಲ್ಲೇಖ ಹೋಯಿತು, ಅದರ ಹಿಂದೆ ಲೇಖನದ ಆ ಸಾಲಿನ ಮೇಲೂ ಅನುಮಾನ. ಮುಂದಿನ ಸಲ ಸೈಟ್ ಬದಲಾಯಿಸುವಾಗ ಹಳೆ ವಿಳಾಸ ಒತ್ತಿದವರು ಅದೇ ಸುದ್ದಿಯ ಹೊಸ ಪುಟಕ್ಕೆ ಹೋಗುವ ಹಾಗೆ ಮಾಡಿಸಿ. ಜಿಲ್ಲಾ ಪುಟದ ಸುದ್ದಿಗಳನ್ನೂ ಇ–ಪೇಪರ್‌ನ ಚಿತ್ರವಾಗಿ ಮಾತ್ರ ಬಿಡದೆ ಅಕ್ಷರರೂಪದಲ್ಲಿ ಹಾಕಿಸಿ.

ಇಂತಿ,
ನಿಮ್ಮ ಓದುಗ, ಚಿಕ್ಕಮಗಳೂರು