ಮುಂದಿನ ಗಾಲಿಯ ಗರಗರ: ಬಿಚ್ಚುವ ಮೊದಲು ಪತ್ತೆ ಮಾಡಿ

ಮಾನ್ಯ ಸಂಪಾದಕರೇ,

ಘಾಟಿಯಲ್ಲಿ ಲಾರಿ ಉರುಳಿದರೆ ಮಾರನೆಯ ದಿನದ ಸುದ್ದಿಯಲ್ಲಿ ‘ಬ್ರೇಕ್ ವೈಫಲ್ಯ’ ಎಂದಷ್ಟೇ ಬರುತ್ತದೆ. ಗಾಲಿ ಕಳಚಿದ್ದರೂ, ಗಾಲಿಯ ನಡುವಿನ ಹಬ್ ಬಿಗಿದು ಗಾಡಿ ಒಂದು ಬದಿಗೆ ಎಳೆದಿದ್ದರೂ ಅದೇ ಮಾತು. ಲಾರಿಯ ಮುಂಭಾಗ ಸೂಚನೆ ಕೊಡದೆ ಕೈಕೊಡುವುದು ಅಪರೂಪ. ಅದಕ್ಕೆ ಎಷ್ಟೋ ಮುಂಚೆಯೇ ಚಾಲಕನ ಪಾದದಡಿಯ ತಗಡಿನಲ್ಲಿ, ಸ್ಟಿಯರಿಂಗ್ ಹಿಡಿದ ಅಂಗೈಯಲ್ಲಿ ಗರಗರ ಎಂಬ ಅದುರು ಶುರುವಾಗಿರುತ್ತದೆ. ‘ಈ ಲೋಡು ಇಳಿಸಿ ಬಾ, ಆಮೇಲೆ ನೋಡೋಣ’ ಎನ್ನುತ್ತಾರೆ ಮಾಲೀಕರು. ಗ್ಯಾರೇಜಿಗೆ ಬಂದ ಮೇಲೂ ಮೊದಲು ಬೇರಿಂಗ್, ಆಮೇಲೆ ಬ್ರೇಕಿನ ಲೈನರ್, ಕೊನೆಗೆ ಗಾಲಿ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಎಂದು ಅಂದಾಜಿನ ಮೇಲೆ ಒಂದೊಂದೇ ಬದಲಾಗುತ್ತವೆ. ದುಡ್ಡು ಖರ್ಚಾಗುತ್ತದೆ, ಶಬ್ದ ಹಾಗೇ ಉಳಿಯುತ್ತದೆ. ಈ ಗರಗರದ ಮೂಲ ಹುಡುಕಲು ದುಬಾರಿ ಯಂತ್ರ ಬೇಕಿಲ್ಲ. ಒಂದು ಜಾಕ್, ಒಂದು ಹಾರೆ, ಒಬ್ಬ ಸಹಾಯಕ, ಅರ್ಧ ಗಂಟೆಯ ತಾಳ್ಮೆ ಇದ್ದರೆ ಬಹುಪಾಲು ಪ್ರಕರಣಗಳಲ್ಲಿ ತಪ್ಪಿತಸ್ಥ ಭಾಗ ಯಾವುದೆಂದು ಸ್ಪಾನರ್ ಮುಟ್ಟುವ ಮೊದಲೇ ಗೊತ್ತಾಗುತ್ತದೆ.

ನಮ್ಮ ರಸ್ತೆಗಳ ಸಾಮಾನ್ಯ ಸರಕು ಲಾರಿಯ ಮುಂದೆ ಇರುವುದು ಒಂದು ಗಟ್ಟಿ ಆಕ್ಸಲ್ ತೊಲೆ. ಅದರ ಎರಡು ತುದಿಗೂ ಕಿಂಗ್‌ಪಿನ್, ಕಿಂಗ್‌ಪಿನ್ನಿನ ಮೇಲೆ ತಿರುಗುವ ನಕಲ್ ಎಂಬ ತುಂಡು, ಅದರ ಮೇಲೆ ಒಳಗೊಂದು ಹೊರಗೊಂದು ಟೇಪರ್ ರೋಲರ್ ಬೇರಿಂಗಿನ ಆಸರೆಯಲ್ಲಿ ಹಬ್. 2018ರಲ್ಲಿ ಕೇಂದ್ರ ಸರ್ಕಾರ ಭಾರದ ಮಿತಿ ಏರಿಸಿದಾಗ ಎರಡು ಟೈರಿನ ಮುಂದಿನ ಆಕ್ಸಲ್‌ನ ಮಿತಿ 6 ಟನ್‌ನಿಂದ 7 ಟನ್‌ಗೆ ಏರಿತು. ಅಂದರೆ ಕಾನೂನಿನೊಳಗೇ ಒಂದೊಂದು ಗಾಲಿಯ ಮೇಲೆ ಮೂರೂವರೆ ಟನ್. ಜಲ್ಲಿ, ಎಂ-ಸ್ಯಾಂಡ್, ಅದಿರು ಹೊರುವ ಗಾಡಿಗಳಲ್ಲಿ ಎಷ್ಟಿರುತ್ತದೆ ಎಂಬುದು ಹೊರುವವರಿಗೂ ಹೊರಿಸುವವರಿಗೂ ಚೆನ್ನಾಗಿ ಗೊತ್ತು.

ಮೊದಲ ಕೆಲಸ ಚಾಲಕನನ್ನು ಕೂರಿಸಿ ಕೇಳುವುದು. ಶಬ್ದ ಯಾವಾಗ ಬರುತ್ತದೆ? ಬ್ರೇಕ್ ತುಳಿದಾಗ ಮಾತ್ರ ಬಂದರೆ ಲೈನರ್, ಡ್ರಮ್ ನೋಡಬೇಕು. ವೇಗ ಏರಿದಂತೆ ಏರಿ ಇಳಿದಂತೆ ಇಳಿದರೆ ಹಬ್ ಬೇರಿಂಗ್ ಅಥವಾ ಟೈರ್. ಗಾಡಿ ನಿಂತಿರುವಾಗ ಸ್ಟಿಯರಿಂಗ್ ತಿರುಗಿಸಿದರೆ ಕರಕರ ಎಂದರೆ ಕಿಂಗ್‌ಪಿನ್ನಿನಲ್ಲಿ ಭಾರ ಹೊರುವ ಥ್ರಸ್ಟ್ ಬೇರಿಂಗ್. ಗುಂಡಿಗೆ ಇಳಿದಾಗ ಮಾತ್ರ ಬಂದರೆ ಕಮಾನು ಪಟ್ಟಿ, ಶ್ಯಾಕಲ್ ಪಿನ್, ಯು-ಬೋಲ್ಟ್. ನಿಂತಲ್ಲೇ ಎಂಜಿನ್ ರೇಸ್ ಮಾಡಿದಾಗಲೂ ಬಂದರೆ ಗಾಲಿಗೂ ಅದಕ್ಕೂ ಸಂಬಂಧವೇ ಇಲ್ಲ. ವಾಟರ್ ಪಂಪ್, ಬೆಲ್ಟ್ ಟೆನ್ಷನರ್, ಆಲ್ಟರ್ನೇಟರ್ ನೋಡಬೇಕು. ಕ್ಲಚ್ ಒತ್ತಿದ ಕೂಡಲೇ ಶಬ್ದ ಬದಲಾದರೆ ರಿಲೀಸ್ ಬೇರಿಂಗ್. ಈ ಪ್ರಶ್ನೆಗಳನ್ನು ಕೇಳದೆ ಹಬ್ ಬಿಚ್ಚುವುದು ಕೆಲಸ ಹೆಚ್ಚಿಸಿಕೊಂಡಂತೆಯೇ.

ಚಾಲಕ ಹೇಳಿದ್ದನ್ನು ಆಮೇಲೆ ರಸ್ತೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗಕ್ಕೆ ಬಂದು ಕ್ಲಚ್ ಒತ್ತಿ ಎಂಜಿನ್ನನ್ನು ಐಡಲ್‌ಗೆ ಬಿಡಿ. ಗರಗರ ಹಾಗೇ ಮುಂದುವರಿದರೆ ಅದು ಗಾಲಿಯದು ಅಥವಾ ಗಾಲಿಯೊಂದಿಗೆ ತಿರುಗುವ ಭಾಗದ್ದು. ನಿಂತರೆ ಎಂಜಿನ್ ಕಡೆಯದು. ಇದನ್ನು ಇಳಿಜಾರಿನಲ್ಲಿ ಮಾಡಲೇಬಾರದು, ಎಂಜಿನ್ ಆಫ್ ಮಾಡಿ ಅಂತೂ ಬೇಡವೇ ಬೇಡ. ಏರ್ ಬ್ರೇಕಿನ ಕಂಪ್ರೆಸರ್ ಮತ್ತು ಪವರ್ ಸ್ಟಿಯರಿಂಗ್ ಎರಡೂ ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತವೆ. ಆಮೇಲೆ ಅದೇ ವೇಗದಲ್ಲಿ ಗಾಡಿಯನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ಓಲಾಡಿಸಿ. ಎಡಕ್ಕೆ ತಿರುಗುವಾಗ ಭಾರ ಬಲಗಾಲಿಯ ಮೇಲೆ ಬೀಳುತ್ತದೆ. ಆಗ ಶಬ್ದ ಹೆಚ್ಚಿದರೆ ಬಲಗಡೆಯ ಬೇರಿಂಗಿನ ಮೇಲೆ ಅನುಮಾನ, ಬಲಕ್ಕೆ ತಿರುಗಿದಾಗ ಹೆಚ್ಚಿದರೆ ಎಡಗಡೆಯದರ ಮೇಲೆ. ಇದು ಸುಳಿವು ಮಾತ್ರ, ತೀರ್ಪಲ್ಲ.

ಮೂರನೆಯ ಸಾಕ್ಷಿ ಬಿಸಿ. ಆದಷ್ಟು ಕಡಿಮೆ ಬ್ರೇಕ್ ಬಳಸಿ ಹತ್ತು ಹದಿನೈದು ಕಿ.ಮೀ. ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ಹಬ್‌ಗಳ ಬಿಸಿ ಹೋಲಿಸಿ. ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಗನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಗೈಯ ಹಿಂಬದಿಯನ್ನು ಮುಟ್ಟಿಸದೆ ಹತ್ತಿರ ಹಿಡಿದರೂ ವ್ಯತ್ಯಾಸ ತಿಳಿಯುತ್ತದೆ. ಎರಡೂ ಬದಿ ಒಂದೇ ರೀತಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದೇ ಬದಿ ಸುಡುತ್ತಿದ್ದರೆ ಎಲ್ಲಿ ಹೆಚ್ಚು ಎಂದು ನೋಡಿ. ನಡುವಿನ ಹಬ್ ಕ್ಯಾಪ್ ಹೆಚ್ಚು ಸುಟ್ಟರೆ ಬೇರಿಂಗ್, ಡ್ರಮ್ಮಿನ ಸುತ್ತು ಹೆಚ್ಚು ಸುಟ್ಟರೆ ಬ್ರೇಕ್ ಹಿಡಿದುಕೊಂಡಿದೆ ಎಂದು ಲೆಕ್ಕ. ಘಾಟಿ ಇಳಿದ ಕೂಡಲೇ ಈ ಪರೀಕ್ಷೆ ಮಾಡಿದರೆ ಏನೂ ತಿಳಿಯದು, ಆಗ ಎಲ್ಲ ಡ್ರಮ್ಮೂ ಸುಡುತ್ತಿರುತ್ತವೆ.

ಇನ್ನು ಜಾಕ್. ನೆಲ ಗಟ್ಟಿಯಾಗಿ ಸಮವಾಗಿರಬೇಕು, ಹಿಂದಿನ ಗಾಲಿಗಳ ಎರಡೂ ಬದಿಗೆ ಉರುಳದಂತೆ ಅಡ್ಡ ಕೊಡಬೇಕು, ಆಕ್ಸಲ್ ತೊಲೆಯ ಕೆಳಗೆ ಕುದುರೆ ಸ್ಟ್ಯಾಂಡ್ ನಿಲ್ಲಿಸದೆ ಯಾರೂ ಅಡಿಗೆ ಹೋಗಬಾರದು. ಗಾಲಿ ನೆಲ ಬಿಟ್ಟ ಮೇಲೆ ಡ್ರಮ್ಮಿನ ಹಿಂದೆ ತಿರುಗದೆ ನಿಲ್ಲುವ ಬ್ರೇಕ್ ಪ್ಲೇಟಿನ ಮೇಲೆ ಒಂದು ಕೈಯಿಟ್ಟು ಇನ್ನೊಂದರಿಂದ ಗಾಲಿ ತಿರುಗಿಸಿ. ಒಳ್ಳೆಯ ಬೇರಿಂಗ್ ಸದ್ದಿಲ್ಲದೆ ತಿರುಗುತ್ತದೆ. ಕೆಟ್ಟದ್ದು ಬೀಸುವ ಕಲ್ಲಿನಡಿ ಸಿಕ್ಕ ರಾಗಿಯಂತೆ ಕೈಗೆ ತರಿತರಿಯಾಗಿ ತಾಗುತ್ತದೆ. ಈಗ ಗಾಲಿಯ ಕೆಳಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿ, ಮೇಲೆ ಕೆಳಗೆ ಆಡುತ್ತದೆಯೇ ನೋಡಿ. ಆಡಿದರೆ ಅದು ಬೇರಿಂಗಿನ ಸಡಿಲವೋ ಕಿಂಗ್‌ಪಿನ್ನಿನ ಸವೆತವೋ ಎಂಬಲ್ಲಿ ಬಹಳ ಗ್ಯಾರೇಜುಗಳು ತಪ್ಪುತ್ತವೆ. ಉಪಾಯ ಸುಲಭ. ಸಹಾಯಕನಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಮೀಟಿ. ಬ್ರೇಕ್ ಹಿಡಿದಾಗ ಹಬ್ಬೂ ನಕಲ್ಲೂ ಒಂದಾಗುತ್ತವೆ. ಆಟ ನಿಂತುಹೋದರೆ ಬೇರಿಂಗ್ ಸಡಿಲವಿತ್ತು. ಬ್ರೇಕ್ ಹಿಡಿದರೂ ಆಡಿದರೆ ಕಿಂಗ್‌ಪಿನ್ ಬುಷ್ ಸವೆದಿದೆ. ಗಾಲಿಯನ್ನು ಮುಂದಿನಿಂದ ಹಿಂದಕ್ಕೆ ಅಲುಗಿಸಿದಾಗ ಮಾತ್ರ ಆಟ ಕಂಡರೆ ಸ್ಟಿಯರಿಂಗ್ ಸರಳುಗಳ ಕೀಲುಗಳಾದ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ ಬಾಲ್ ನೋಡಿ.

ಬೇರಿಂಗ್ ಎಂದು ಖಾತ್ರಿಯಾಯಿತು ಅಂದುಕೊಳ್ಳೋಣ. ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ಹೊಸ ಬೇರಿಂಗ್ ಹಾಕಿಸಿಕೊಂಡು ಹೋದ ಗಾಡಿ ಕೆಲವೇ ತಿಂಗಳಲ್ಲಿ ಅದೇ ಶಬ್ದದೊಂದಿಗೆ ಮರಳುವುದಕ್ಕೆ ಕಾರಣ ಬಹುಪಾಲು ಜೋಡಣೆಯಲ್ಲಿರುತ್ತದೆ, ಬೇರಿಂಗಿನಲ್ಲಲ್ಲ. ಬಿಚ್ಚಿದ ಹಳೆಯ ಬೇರಿಂಗನ್ನು ಎಸೆಯಬೇಡಿ, ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ರೋಲರ್ ನೀಲಿ ಅಥವಾ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದರೆ ಅತಿ ಬಿಗಿತ ಅಥವಾ ಗ್ರೀಸ್ ಕೊರತೆಯಿಂದ ಕಾದಿದೆ. ಕಪ್, ಅಂದರೆ ಬೇರಿಂಗಿನ ಹೊರ ಉಂಗುರದಲ್ಲಿ ರೋಲರ್ ಓಡುವ ಹಾದಿಯಲ್ಲಿ ಚಕ್ಕೆ ಎದ್ದಿದ್ದರೆ ಅತಿಭಾರ ಅಥವಾ ವಯಸ್ಸು. ರೋಲರ್‌ಗಳ ಅಂತರಕ್ಕೆ ಸರಿಯಾಗಿ ತುಕ್ಕಿನ ಗೆರೆ ಮೂಡಿದ್ದರೆ ನೀರು ಹೊಕ್ಕಿದೆ. ಮಳೆಗಾಲದಲ್ಲಿ ಹಳ್ಳಕ್ಕಿಳಿದ ಗಾಡಿಗಳಲ್ಲಿ, ಸರ್ವಿಸ್ ಸ್ಟೇಷನ್ನಿನಲ್ಲಿ ಹಬ್ ಸೀಲಿಗೇ ಒತ್ತಡದ ನೀರು ಹೊಡೆಸಿಕೊಂಡ ಗಾಡಿಗಳಲ್ಲಿ ಇದು ಸಾಮಾನ್ಯ. ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

ಕೋನ್ (ರೋಲರ್ ಇರುವ ಒಳ ಉಂಗುರ) ಬದಲಾಯಿಸಿ ಹಳೆಯ ಕಪ್ ಉಳಿಸುವುದು ದೊಡ್ಡ ತಪ್ಪು. ಎರಡೂ ಒಟ್ಟಿಗೇ ಬದಲಾಗಬೇಕು, ಆಯಿಲ್ ಸೀಲ್ ಸಹಿತ. ಕಪ್ಪನ್ನು ಉಳಿಯಿಂದ ಬಡಿದು ಕೂರಿಸಬಾರದು, ಹಿತ್ತಾಳೆಯ ಸರಳು (ಡ್ರಿಫ್ಟ್) ಅಥವಾ ಪ್ರೆಸ್ ಬೇಕು. ಹಬ್ಬಿನಲ್ಲಿ ಕಪ್ ಕೈಯಲ್ಲೇ ತಿರುಗುವಷ್ಟು ಸಡಿಲವಾಗಿದ್ದರೆ ಹಬ್ಬಿನ ತೂತು ಸವೆದಿದೆ ಎಂದರ್ಥ. ಅಂಥ ಕಡೆ ಪಂಚ್‌ನಿಂದ ಚುಕ್ಕೆ ಹೊಡೆದು, ತಗಡಿನ ಚೂರು ತುರುಕಿ ಬಿಗಿ ಮಾಡುವ ರೂಢಿ ಇದೆ. ಇದನ್ನು ನಿಲ್ಲಿಸಲೇಬೇಕು. ಆ ಬಿಗಿ ಭಾರದ ಮುಂದೆ ನಿಲ್ಲದು, ಕಪ್ ಓರೆಯಾಗಿ ಕೂತು ಹೊಸ ಬೇರಿಂಗನ್ನೂ ತಿನ್ನುತ್ತದೆ. ಹಬ್ ಬದಲಿಸುವುದೊಂದೇ ದಾರಿ.

ಗ್ರೀಸಿನಲ್ಲೂ ಎಡವುತ್ತಾರೆ. ಕಿಂಗ್‌ಪಿನ್, ಶ್ಯಾಕಲ್ ಪಿನ್ನಿಗೆ ಹೊಡೆಯುವ ಚಾಸಿ ಗ್ರೀಸ್ ಹಬ್ಬಿನ ಬಿಸಿಗೆ ಕರಗಿ ಹರಿದು ಲೈನರ್ ಸೇರುತ್ತದೆ. ಹಬ್ಬಿಗೆ ಬೇಕಿರುವುದು ವೀಲ್ ಬೇರಿಂಗಿಗೆಂದೇ ಇರುವ ಲಿಥಿಯಂ ಗ್ರೀಸ್, ಅಂಗಡಿಯಲ್ಲಿ ಎಪಿ3 ಎಂದು ಕೇಳುವುದು. ಹಳೆಯದನ್ನು ಪೂರ್ತಿ ತೊಳೆದು ತೆಗೆಯಿರಿ, ಬೇರೆ ಜಾತಿಯ ಗ್ರೀಸಿನ ಮೇಲೆ ಇದನ್ನು ಹಚ್ಚಬೇಡಿ. ರೋಲರ್‌ಗಳ ನಡುವೆ ಅಂಗೈಯಿಂದ ಒತ್ತಿ ತುಂಬಿಸಿ, ಹಬ್ಬಿನ ಪೊಳ್ಳಿನಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇದ್ದರೆ ಸಾಕು. ಪೂರ್ತಿ ತುಂಬಿದರೆ ಬಿಸಿ ಹೋಗಲು ಜಾಗವಿಲ್ಲದೆ ಸೀಲ್ ಕಿತ್ತುಕೊಂಡು ಬರುತ್ತದೆ.

ನಟ್ ಬಿಗಿಯುವುದು ಕೊನೆಯ, ಬಹು ಮುಖ್ಯ ಹಂತ. ಪ್ರತಿ ಕಂಪನಿಯ ವರ್ಕ್‌ಶಾಪ್ ಪುಸ್ತಕದಲ್ಲಿ ಅಳತೆ ಇರುತ್ತದೆ, ಅದೇ ಅಂತಿಮ. ಕ್ರಮ ಮಾತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಹಬ್ ತಿರುಗಿಸುತ್ತಲೇ ಬಿಗಿದು ರೋಲರ್‌ಗಳನ್ನು ಕೂರಿಸಬೇಕು, ಪೂರ್ತಿ ಸಡಿಲಿಸಬೇಕು, ಮತ್ತೆ ಹಗುರಾಗಿ ಬಿಗಿದು ಸ್ವಲ್ಪ ಹಿಂದಕ್ಕೆ ಬಿಡಬೇಕು. ಭಾರಿ ಲಾರಿಗಳಿಗೆ ಅಮೆರಿಕದಲ್ಲಿ ಪಾಲಿಸುವ ಕ್ರಮದಲ್ಲಿ ಮೊದಲ ಬಿಗಿತ ಸುಮಾರು 270 ನ್ಯೂಟನ್ ಮೀಟರ್, ಒಂದು ಸುತ್ತು ಸಡಿಲಿಸಿದ ಮೇಲಿನ ಎರಡನೆಯ ಬಿಗಿತ ಸುಮಾರು 68, ಆಮೇಲೆ ಮುಂದಿನ ಆಕ್ಸಲ್‌ಗೆ ಥ್ರೆಡ್ಡಿನ ಅಂತರ ನೋಡಿ ಆರನೇ ಒಂದು ಅಥವಾ ಕಾಲು ಸುತ್ತು ಹಿಂದಕ್ಕೆ. ಕೊನೆಗೆ ಡಯಲ್ ಗೇಜಿನಲ್ಲಿ ಒಳಹೊರ ಆಟ 0.025ರಿಂದ 0.125 ಮಿ.ಮೀ. ಒಳಗೆ ಬರಬೇಕು. ಹಬ್ ನಿಲ್ಲಿಸಿಕೊಂಡೇ ಉದ್ದ ಪೈಪ್ ಹಾಕಿ ಎಳೆದು ‘ಬಿಗಿಯಾಯಿತು’ ಎನ್ನುವುದು ಬೇರಿಂಗ್ ಸುಡುವ ನೇರ ದಾರಿ. ಲಾಕ್ ವಾಷರ್ ಮತ್ತು ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಸ್ಪ್ಲಿಟ್ ಪಿನ್ ಜಾಗದಲ್ಲಿ ಮೊಳೆ ಬಗ್ಗಿಸಿ ಹಾಕಿದ ಗಾಡಿಗಳು ಇಂದಿಗೂ ಹೆದ್ದಾರಿಯಲ್ಲಿ ಓಡುತ್ತಿವೆ. ನಟ್ ಬಿಚ್ಚಿಕೊಂಡರೆ ಡ್ರಮ್ ಸಮೇತ ಗಾಲಿ ಹೊರಗೆ ಬರುತ್ತದೆ, ಎದುರಿನಿಂದ ಬರುವ ಬೈಕಿನವರಿಗೆ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಬ್ರೇಕಿನ ಗರಗರಕ್ಕೆ ಮುಖ್ಯ ಕಾರಣ ಲೈನರ್ ರಿವೆಟ್‌ವರೆಗೆ ಸವೆದಿರುವುದು. ರಿವೆಟ್ ತಲೆ ಡ್ರಮ್ಮಿಗೆ ಉಜ್ಜಿ ಉಂಗುರದಂತೆ ಗೆರೆ ಕೊರೆಯುತ್ತದೆ. ರಿವೆಟ್ ತಲೆಯ ಮೇಲೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಉಳಿದಿದ್ದರೆ ಇನ್ನೊಂದು ಟ್ರಿಪ್ಪಿಗೆ ಕಾಯಬಾರದು. ಒಂದೇ ಬದಿಯ ಲೈನರ್ ಹಾಕಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಎರಡೂ ಬದಿ ಹಾಕಿಸಿ. ಡ್ರಮ್ ಲೇತ್ ಹಿಡಿಸುವ ಮೊದಲು ಅದರ ಮೇಲೆ ಅಚ್ಚಾಗಿರುವ ಗರಿಷ್ಠ ವ್ಯಾಸ ಓದಿ, ದಾಟಿದ್ದರೆ ಗುಜರಿಗೆ ಹಾಕಿ. ಬ್ರೇಕ್ ಬಿಟ್ಟ ಮೇಲೂ ಉಜ್ಜುತ್ತಿದ್ದರೆ ರಿಟರ್ನ್ ಸ್ಪ್ರಿಂಗ್ ಸೋತಿದೆ, ಇಲ್ಲವೇ ಬ್ರೇಕ್ ಅಗಲಿಸುವ ಕ್ಯಾಮ್ ಶಾಫ್ಟಿನ ಬುಷ್ ಗ್ರೀಸ್ ಕಾಣದೆ ಹಿಡಿದಿದೆ. ಕ್ವಾರಿ ಗಾಡಿಗಳಲ್ಲಿ ಡ್ರಮ್ಮಿಗೂ ಪ್ಲೇಟಿಗೂ ನಡುವೆ ಜಲ್ಲಿ ಸಿಕ್ಕಿಕೊಂಡು ಭಯಂಕರ ಶಬ್ದ ಬರುವುದುಂಟು. ಸ್ವಲ್ಪ ರಿವರ್ಸ್ ತೆಗೆದುಕೊಂಡರೆ ಅದು ಕೆಲವೊಮ್ಮೆ ಉದುರಿಹೋಗುತ್ತದೆ.

ಕಿಂಗ್‌ಪಿನ್ ಥ್ರಸ್ಟ್ ಬೇರಿಂಗ್ ಬಗ್ಗೆ ಒಂದು ಮಾತು. ಗಾಲಿ ನೆಲದ ಮೇಲಿದ್ದಾಗ ಸ್ಟಿಯರಿಂಗ್ ಕರಕರ ಎಂದು, ಜಾಕ್ ಎತ್ತಿದಾಗ ನಯವಾಗಿ ತಿರುಗಿದರೆ ಅದೇ ಹೋಗಿದೆ. ಗ್ರೀಸ್ ಹೊಡೆಯುವಾಗ ಗಾಲಿ ಎತ್ತಿ ಹೊಡೆಯಬೇಕು. ಭಾರ ಮೇಲಿದ್ದರೆ ಗ್ರೀಸ್ ಆ ಬೇರಿಂಗಿನೊಳಗೆ ಸರಿಯಾಗಿ ಹೋಗದೆ ಅಕ್ಕಪಕ್ಕ ಉಕ್ಕುತ್ತದೆ. ಪೂರ್ತಿ ತಿರುವಿನಲ್ಲಿ ಮಾತ್ರ ಉಜ್ಜುವ ಶಬ್ದ ಬಂದರೆ ಟೈರ್ ಡ್ರ್ಯಾಗ್ ಲಿಂಕಿಗೋ ಕಮಾನಿಗೋ ತಾಗುತ್ತಿದೆ. ಟೈರಿನ ಒಳಮೈಯಲ್ಲಿ ಹೊಳೆಯುವ ಗುರುತು ಹುಡುಕಿ, ಲಾಕ್ ಸ್ಟಾಪ್ ಬೋಲ್ಟ್ ಹೊಂದಿಸಿ. ಕ್ಯಾಬಿನ್ನಿನಡಿಯ ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗ್ ಕೆಟ್ಟರೂ ಶಬ್ದ ಮುಂದಿನಿಂದಲೇ ಬಂದಂತೆ ಕೇಳುತ್ತದೆ, ಆದರೆ ಗಾಡಿ ಓಲಾಡಿಸಿದರೆ ಬದಲಾಗದು. ಕೊಡಗು, ಚಿಕ್ಕಮಗಳೂರಿನ ತೋಟಗಳ ಫೋರ್‌ವೀಲ್ ಪಿಕಪ್‌ಗಳನ್ನು ಡಾಂಬರು ರಸ್ತೆಯಲ್ಲೂ ಫೋರ್‌ವೀಲ್‌ನಲ್ಲೇ ಓಡಿಸಿದರೆ ತಿರುವಿನಲ್ಲಿ ಮುಂಭಾಗ ಹಿಡಿದು ಗೊರಗುಡುತ್ತದೆ. ಅಲ್ಲಿ ಮೊದಲು ಫೋರ್‌ವೀಲ್ ಲಿವರ್ ನೋಡಿ.

ಹಬ್ಬಿನಿಂದ ಹೊಗೆ, ಸುಟ್ಟ ಗ್ರೀಸಿನ ವಾಸನೆ, ಕೈಗೆ ತಿಳಿಯುವಷ್ಟು ಗಾಲಿಯ ಓಲಾಟ ಇವುಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿಸಬೇಕು. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ದುರಸ್ತಿಯಾಗಿ ಹೊರಟ ಗಾಡಿಯ ವೀಲ್ ನಟ್‌ಗಳನ್ನು 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿದು ನೋಡಬೇಕು, ಹಬ್ಬಿನ ಬಿಸಿಯನ್ನೂ ಆಗಲೇ ಪರೀಕ್ಷಿಸಬೇಕು.

ಸಾರಿಗೆ ಇಲಾಖೆಗೆ ಒಂದು ಒತ್ತಾಯ. ಲಾರಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಪಡೆಯಬೇಕು. ಬ್ರೇಕ್ ಪರೀಕ್ಷಾ ಯಂತ್ರದ ರೋಲರ್ ಮೇಲೆ ಬ್ರೇಕಿನ ಬಲ ಸರಿ ಬಂದ ಮಾತ್ರಕ್ಕೆ ಹಬ್ಬೂ ಕಿಂಗ್‌ಪಿನ್ನೂ ಸರಿ ಇವೆ ಎಂದಾಗುವುದಿಲ್ಲ. ಮುಂದಿನ ಎರಡೂ ಗಾಲಿ ಎತ್ತಿ, ಹಾರೆ ಕೊಟ್ಟು, ಬ್ರೇಕ್ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ನೋಡುವುದನ್ನು ಪ್ರತಿ ಎಫ್‌ಸಿಯಲ್ಲೂ ತಪ್ಪದೆ ಮಾಡಲಿ. ಹೆದ್ದಾರಿ ಪ್ರಾಧಿಕಾರದವರಿಗೆ ಇನ್ನೊಂದು. ಸಕಲೇಶಪುರ ದಾಟಿ ಶಿರಾಡಿ ಇಳಿಯುವ ಮುನ್ನ, ಯಲ್ಲಾಪುರ ದಾಟಿ ಅರಬೈಲು ಇಳಿಯುವ ಮುನ್ನ ಲಾರಿ ನಿಲ್ಲಿಸಿ ಗಾಲಿ ಮುಟ್ಟಿ ನೋಡಲು ದೀಪವಿರುವ, ಸಮತಟ್ಟಾದ ಕಾಂಕ್ರೀಟ್ ಜಾಗ ಬೇಕು. ಡಾಂಬರಿನ ಅಂಚು ಬಿಟ್ಟು ಮಣ್ಣಿಗಿಳಿಸಿ ನಿಲ್ಲಿಸಿದರೆ ಮಳೆಗಾಲದಲ್ಲಿ ಮೂರೂವರೆ ಟನ್ನಿನಡಿ ಜಾಕ್ ಹೂತುಹೋಗುತ್ತದೆ, ಹೀಗಾಗಿ ಗರಗರ ಕೇಳಿದ ಚಾಲಕನೂ ನಿಲ್ಲಿಸದೆ ಇಳಿಸುತ್ತಾನೆ.

ಇತಿ,
ಲಾರಿ ದುರಸ್ತಿ ಕೆಲಸಗಾರರು, ಹುಬ್ಬಳ್ಳಿ