ಹಕ್ಕಿ ಎಣಿಸುವುದು ಹೊಟ್ಟೆ ತುಂಬಿದವರ ಹವ್ಯಾಸವಲ್ಲ

ಮಾನ್ಯ ಸಂಪಾದಕರೇ,

ಬೈನಾಕ್ಯುಲರ್ ಹಿಡಿದು ಹಕ್ಕಿ ಎಣಿಸುವುದು ಹೊಟ್ಟೆ ತುಂಬಿದವರ ಹವ್ಯಾಸ, ಅದರಿಂದ ಹಕ್ಕಿಗೂ ಲಾಭವಿಲ್ಲ, ಊರಿಗೂ ಲಾಭವಿಲ್ಲ ಎಂದು ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ನಾನು ತಿಪಟೂರಿನವಳು. ಈಗ ಇಂಗ್ಲೆಂಡಿನ ನಾರ್ಫಕ್ ಜಿಲ್ಲೆಯಲ್ಲಿ, ಥೆಟ್‌ಫರ್ಡ್ ಪಟ್ಟಣದ ಹತ್ತಿರ ಒಂದು ಹಳ್ಳಿಯಲ್ಲಿದ್ದೇನೆ, ಆಸ್ಪತ್ರೆಯಲ್ಲಿ ನರ್ಸ್. ಚಳಿಗಾಲ ಕಳೆಯುತ್ತಿದ್ದಂತೆ ಹೊಲದ ಬದುಗಳ ಮೇಲೆ ನಡೆದು ಹಕ್ಕಿಗಳ ಲೆಕ್ಕ ಬರೆಯುವವರಲ್ಲಿ ನಾನೂ ಒಬ್ಬಳು. ಆದ್ದರಿಂದ ಆ ಮಾತನ್ನು ಓದಿ ಸುಮ್ಮನಿರಲು ಆಗಲಿಲ್ಲ.

1960ರ ಸುಮಾರಿಗೆ ಬ್ರಿಟನ್ನಿನಲ್ಲಿ ಪಂದ್ಯದ ಪಾರಿವಾಳ ಸಾಕುವವರು ಸರ್ಕಾರಕ್ಕೆ ದೂರು ಕೊಟ್ಟರು. ಪೆರೆಗ್ರಿನ್ ಡೇಗೆಗಳು ವಿಪರೀತ ಹೆಚ್ಚಿವೆ, ನಮ್ಮ ಪಾರಿವಾಳಗಳನ್ನೆಲ್ಲ ಹೊತ್ತೊಯ್ಯುತ್ತಿವೆ, ಅವಕ್ಕಿರುವ ಕಾನೂನಿನ ರಕ್ಷಣೆ ತೆಗೆಯಿರಿ ಎಂಬುದು ಅವರ ಬೇಡಿಕೆ. ಸರಿ, ಎಣಿಸಿ ನೋಡೋಣ ಎಂದು 1961ರಲ್ಲಿ ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ ಸಮೀಕ್ಷೆ ಶುರುವಾಯಿತು. ಹವ್ಯಾಸಿಗಳು ಡೇಗೆಗಳು ಹಿಂದಿನಿಂದ ಗೂಡು ಮಾಡುತ್ತಿದ್ದ ಬಂಡೆಗಳಿಗೆ ಹೋಗಿ ನೋಡಿದರು. ಹೆಚ್ಚುವುದಿರಲಿ, ಎಷ್ಟೋ ಬಂಡೆಗಳಲ್ಲಿ ಹಕ್ಕಿಯೇ ಇರಲಿಲ್ಲ. ಇದ್ದ ಗೂಡುಗಳಲ್ಲೂ ಮೊಟ್ಟೆಗಳು ಒಡೆದು ಹೋಗುತ್ತಿದ್ದವು. ರ‍್ಯಾಟ್‌ಕ್ಲಿಫ್ ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಗಳ ಚಿಪ್ಪನ್ನು ತೂಗಿ, ಅಳೆದು ನೋಡಿದಾಗ 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗುತ್ತ ಬಂದಿದ್ದು ಗೊತ್ತಾಯಿತು. ಅದನ್ನು ಅವರು 1967ರಲ್ಲಿ ಪ್ರಕಟಿಸಿದರು. ಹೊಲಗಳಿಗೆ ಸುರಿಯುತ್ತಿದ್ದ ಡಿಡಿಟಿ ಆಹಾರದ ಮೂಲಕ ಡೇಗೆಯ ಮೈ ಸೇರಿ ಚಿಪ್ಪನ್ನು ತೆಳುವಾಗಿಸುತ್ತಿತ್ತು. ಮೊದಲು ಎಲ್ಲೆಲ್ಲಿ ಗೂಡಿತ್ತು ಎಂದು ಯಾರೂ ಬರೆದಿಡದಿದ್ದರೆ, ದೂರನ್ನೇ ನಂಬಿ, ಸಾಯುತ್ತಿದ್ದ ಹಕ್ಕಿಯ ಮೇಲೇ ಬಂದೂಕು ಎತ್ತುತ್ತಿದ್ದರು.

ಈಗ ಈ ಕೆಲಸ ಬಹಳ ಕಟ್ಟುನಿಟ್ಟಾಗಿ ನಡೆಯುತ್ತದೆ. ಇಲ್ಲಿ ಎಲ್ಲರೂ ಬಿಟಿಒ ಎನ್ನುವ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಎಂಬ ಹಕ್ಕಿ ಅಧ್ಯಯನ ಸಂಸ್ಥೆಯ ಕೇಂದ್ರ ಕಚೇರಿ ನಮ್ಮ ಥೆಟ್‌ಫರ್ಡ್‌ನಲ್ಲೇ ಇದೆ. ಅದು ಇತರ ಸಂಸ್ಥೆಗಳ ಜೊತೆಗೂಡಿ 1994ರಿಂದ ಬ್ರೀಡಿಂಗ್ ಬರ್ಡ್ ಸರ್ವೇ, ಅಂದರೆ ಮರಿ ಮಾಡುವ ಕಾಲದ ಹಕ್ಕಿಗಳ ಸಮೀಕ್ಷೆ, ನಡೆಸುತ್ತಿದೆ. ಇಡೀ ದೇಶವನ್ನು ಒಂದು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸುತ್ತಾರೆ. ಹಕ್ಕಿ ಜಾಸ್ತಿ ಇರುವ ಚಂದದ ಜಾಗವನ್ನು ನಾವೇ ಆರಿಸಿಕೊಳ್ಳುವಂತಿಲ್ಲ. ನನ್ನ ಪಾಲಿಗೆ ಬಂದದ್ದರಲ್ಲಿ ಕೆರೆಯಿಲ್ಲ, ಕಾಡಿಲ್ಲ. ಬಾರ್ಲಿ, ಸಕ್ಕರೆ ಬೀಟ್‌ರೂಟ್, ಬಯಲಲ್ಲಿ ಹಂದಿ ಸಾಕುವ ಒಂದು ಹೊಲ, ನಡುವೆ ಹಾಥಾರ್ನ್ ಮುಳ್ಳುಬೇಲಿ, ಇಷ್ಟೇ. ಏಪ್ರಿಲ್‌ನಿಂದ ಜೂನ್ ಒಳಗೆ ಎರಡು ಸಲ, ಬೆಳಿಗ್ಗೆ ಆರು ಏಳರ ನಡುವೆ ಹೊರಟು, ಚೌಕದ ಎರಡು ಗೆರೆಗಳ ಉದ್ದಕ್ಕೂ ನಡೆಯಬೇಕು. ಗೆರೆಯನ್ನು ಇನ್ನೂರು ಮೀಟರಿನ ತುಂಡುಗಳಾಗಿ ಮಾಡಿರುತ್ತಾರೆ. ಕಂಡ, ಕೇಳಿದ ಪ್ರತಿ ಹಕ್ಕಿಯೂ ಇಪ್ಪತ್ತೈದು ಮೀಟರಿನೊಳಗೋ, ನೂರರೊಳಗೋ, ಅದಕ್ಕಿಂತ ಆಚೆಗೋ ಎಂದು ಗುರುತಿಸಬೇಕು. ಸುಮ್ಮನೆ ಹಾರಿ ಹೋದದ್ದಕ್ಕೆ ಬೇರೆ ಕಾಲಂ ಇದೆ. ಆದರೆ ನೆತ್ತಿಯ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ಹಾಡುವ ಸ್ಕೈಲಾರ್ಕ್ ಅನ್ನು ಆ ಕಾಲಂಗೆ ಹಾಕುವುದಿಲ್ಲ, ಏಕೆಂದರೆ ಕೆಳಗಿನ ಹೊಲ ಅದರದ್ದೇ. ಹಾಳೆಯಲ್ಲಿ ಹಕ್ಕಿಯ ಹೆಸರನ್ನು ಸಂಕೇತದಲ್ಲಿ ಬರೆಯುತ್ತೇವೆ. ಇಂಗ್ಲಿಷಿನ ಎಸ್ ಅಕ್ಷರ, ಪಕ್ಕದಲ್ಲೊಂದು ಚುಕ್ಕಿ ಇಟ್ಟರೆ ಸ್ಕೈಲಾರ್ಕ್. ವೈ ಅಕ್ಷರಕ್ಕೆ ಚುಕ್ಕಿ ಇಟ್ಟರೆ ಯೆಲ್ಲೋಹ್ಯಾಮರ್.

ಈ ಯೆಲ್ಲೋಹ್ಯಾಮರ್ ನಮ್ಮ ಗುಬ್ಬಿಗಿಂತ ಒಂದು ಕೈ ದೊಡ್ಡದು, ಗಂಡಿನ ತಲೆ ಅಪ್ಪಟ ಅರಿಶಿನ. ಮುಳ್ಳುಬೇಲಿಯ ತುದಿಯಲ್ಲಿ ಕೂತು ಕತ್ತು ಹಿಂದಕ್ಕೆ ಚಾಚಿ, ಚಿಟಿಚಿಟಿಚಿಟಿ ಎಂದು ಅವಸರದಲ್ಲಿ ಶುರು ಮಾಡಿ ಕೊನೆಗೊಂದು ಉದ್ದನೆಯ ಎಳೆತ ಎಳೆಯುತ್ತದೆ. ಅದು ಹಾಡುವಾಗ ಕೆಳಗಿನ ಕೊಕ್ಕು ಅದುರುವುದು ಕೂಡ ಕಾಣುತ್ತದೆ. ಬೇಲಿ ಕಿತ್ತ ಹೊಲಗಳಲ್ಲಿ ಇದಿಲ್ಲ. ನನ್ನ ಹಾಳೆಯಲ್ಲಿ ಬೇಲಿ ಇರುವ ತುಂಡುಗಳಲ್ಲಷ್ಟೇ ವೈ ಬೀಳುವುದು.

ಇದಕ್ಕೆ ಬೇಕಾದ ಸಾಮಾನು ಒಂದು ಪೆನ್ಸಿಲ್ ಮತ್ತು ನೆಟ್ಟಗಿರುವ ಕಿವಿ. ಮಳೆಯಲ್ಲಿ ಪೆನ್ನು ಕಲೆಸಿ ಹೋಗುತ್ತದೆ, ಅದಕ್ಕೇ ಪೆನ್ಸಿಲ್. ಚಿಫ್‌ಚಾಫ್, ವಿಲೋ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗಳು ನೋಡಲು ಅವಳಿ ಜವಳಿ, ಹಾಡಿನಿಂದ ಮಾತ್ರ ಸುಲಭವಾಗಿ ಗೊತ್ತಾಗುತ್ತವೆ. 18ನೇ ಶತಮಾನದಲ್ಲೇ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಅವುಗಳನ್ನು ಹಾಗೆಯೇ ಬೇರ್ಪಡಿಸಿದ್ದರು. ಅವರ ಬಳಿ ಯಾವ ಲಕ್ಷ ರೂಪಾಯಿಯ ಲೆನ್ಸೂ ಇರಲಿಲ್ಲ.

ಹಾಳೆಯಲ್ಲಿ ಬರೆಯದೇ ಉಳಿದದ್ದೂ ಲೆಕ್ಕವೇ. ಟರ್ಟಲ್ ಡವ್ ಎಂಬ ಬೆಳವ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಮನೆಮಾತು. ನನ್ನ ಚೌಕದಲ್ಲಿ ಅದರ ಗುರುಗುಟ್ಟುವ ದನಿ ಒಮ್ಮೆಯೂ ನನ್ನ ಕಿವಿಗೆ ಬಿದ್ದಿಲ್ಲ. ಪ್ರತಿ ವರ್ಷ ಅದರ ಹೆಸರಿಲ್ಲದ ಹಾಳೆ ಸಲ್ಲಿಸುವಾಗ ಸಂಕಟವಾಗುತ್ತದೆ. ಇಂಥ ಸಾವಿರಾರು ಹಾಳೆ ಸೇರಿಸಿಯೇ, 1990ರ ದಶಕದ ಮಧ್ಯದಿಂದೀಚೆಗೆ ಬ್ರಿಟನ್ನಿನಲ್ಲಿ ಅದು ಶೇ 95ಕ್ಕಿಂತ ಹೆಚ್ಚು ಕುಸಿದಿದೆ ಎಂದು ಹೇಳಲು ಸಾಧ್ಯವಾದದ್ದು. ಹೊಲದ ಕಳೆಯ ಬೀಜ ಸಿಗದೆ ಹೋದದ್ದು ಒಂದು ಕಾರಣ, ಆಫ್ರಿಕಕ್ಕೆ ವಲಸೆ ಹೋಗುವ ದಾರಿಯಲ್ಲಿ ಬೇಟೆ ಇನ್ನೊಂದು. ಲೆಕ್ಕ ಕೈಯಲ್ಲಿದ್ದುದರಿಂದ 2021ರಲ್ಲಿ ಫ್ರಾನ್ಸ್, ಸ್ಪೇನ್, ಪೋರ್ಚುಗಲ್‌ನಲ್ಲಿ ಬೇಟೆ ಕೆಲವು ವರ್ಷಗಳ ಮಟ್ಟಿಗೆ ನಿಂತಿತು, ಇಲ್ಲಿನ ರೈತರು ಅದಕ್ಕಾಗಿ ಪೊದೆ ಉಳಿಸಿ, ಹೊಂಡ ತೋಡುತ್ತಿದ್ದಾರೆ.

ನಮ್ಮಲ್ಲಿ ಗುಬ್ಬಚ್ಚಿಯ ಮಾತು ಬಂದರೆ ಮೊಬೈಲ್ ಟವರ್ ಮೇಲೆ ತಪ್ಪು ಹೊರಿಸಿ ಮುಗಿಸುತ್ತೇವೆ. ಆದರೆ 15,500ಕ್ಕೂ ಹೆಚ್ಚು ಹವ್ಯಾಸಿಗಳ ಒಂದು ಕೋಟಿಗೂ ಮಿಕ್ಕ ದಾಖಲೆಗಳಿಂದ 2020ರಲ್ಲಿ ಸಿದ್ಧವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ಗುಬ್ಬಚ್ಚಿ ದೇಶದಲ್ಲಿ ಒಟ್ಟಾರೆ ಸ್ಥಿರವಾಗಿದೆ, ಬೆಂಗಳೂರಿನಂಥ ಮಹಾನಗರಗಳಲ್ಲಿ ಕಡಿಮೆಯಾಗುತ್ತಿದೆ ಎಂದಿತು. ಎಲ್ಲಿ ಏನು ಮಾಡಬೇಕೆಂದು ಹೇಳುವುದು ಇಂಥ ಲೆಕ್ಕವೇ.

ಪತ್ರಿಕೆಯಲ್ಲಿ ನನ್ನದೊಂದು ವಿನಂತಿ. ಭಾನುವಾರದ ಪುರವಣಿಯಲ್ಲಿ ಅಪರೂಪದ ಹಕ್ಕಿಗಳ ದೊಡ್ಡ ದೊಡ್ಡ ಚಿತ್ರ ಹಾಕುತ್ತೀರಿ, ಸಂತೋಷ. ಅದರ ಕೆಳಗೆ ನಾಲ್ಕು ಸಾಲು ಜಾಗ ಬಿಡಿ. ಓದುಗರು ತಮ್ಮೂರ ಕೆರೆಯ ಒಂದೇ ಏರಿಯ ಮೇಲೆ, ತಿಂಗಳಿಗೊಮ್ಮೆ, ಒಂದೇ ಹೊತ್ತಿಗೆ ನಿಂತು ಎಣಿಸಿದ ಬೆಳ್ಳಕ್ಕಿ, ನೀರುಕಾಗೆ, ಮೈನಾಗಳ ಪಟ್ಟಿ ಅಲ್ಲಿ ಬರಲಿ. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇನೆ, ತಿಪಟೂರು ಕೆರೆಯ ಮೊದಲ ಪಟ್ಟಿ ನಾನೇ ಕಳಿಸುತ್ತೇನೆ. ಆಕ್ಷೇಪ ಎತ್ತಿದ ಓದುಗರು ಹತ್ತಿರದವರಾಗಿದ್ದರೆ ಜೊತೆಗೆ ಬರಲಿ, ಬರೆದುಕೊಳ್ಳಲು ಇನ್ನೊಬ್ಬರಿದ್ದರೆ ಒಳ್ಳೆಯದೇ.

ಇತಿ,
ತಿಪಟೂರಿನ ಓದುಗಳೊಬ್ಬಳು
ನಾರ್ಫಕ್, ಇಂಗ್ಲೆಂಡ್