ಅಭಿಮಾನಿಗಳ ಮುನಿಸಿಗೆ ಕಥೆ ಮಣಿಯಬೇಕೇ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ‘ಸ್ಟಾರ್ ವಾರ್ಸ್’ ಎಂಬ ಹಾಲಿವುಡ್ ಚಿತ್ರಸರಣಿಯನ್ನು ಕುರಿತು ಪ್ರಕಟವಾದ ಲೇಖನವು, 2017ರ ‘ದಿ ಲಾಸ್ಟ್ ಜೆಡೈ’ ಚಿತ್ರದ ವಿರುದ್ಧ ಅಭಿಮಾನಿಗಳು ಎಬ್ಬಿಸಿದ ಗಲಾಟೆಯೇ ಸರಣಿಯನ್ನು ಮತ್ತೆ ದಾರಿಗೆ ತಂದಿತೆಂದು ತೀರ್ಮಾನಿಸಿದೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಆ ಗಲಾಟೆಗೆ ಹೆದರಿ ಬರೆದಂತಿರುವ ಮುಂದಿನ ಚಿತ್ರದಿಂದಲೇ ಕಥೆ ಸೊರಗಿತು.

ಮೊದಲಿಗೆ ಒಂದು ತಿದ್ದುಪಡಿ. ಅಭಿಮಾನಿಗಳ ಒತ್ತಡದಿಂದಾಗಿ ಏಳನೆಯ ಚಿತ್ರದ ನಿರ್ದೇಶಕ ಜೆ.ಜೆ. ಏಬ್ರಮ್ಸ್ ಅವರನ್ನು ಸರಣಿಯ ಒಂಬತ್ತನೆಯ ಚಿತ್ರಕ್ಕೆ ಮರಳಿ ಕರೆಸಲಾಯಿತು ಎಂದು ಲೇಖನ ಹೇಳುತ್ತದೆ. ಆ ಚಿತ್ರವನ್ನು ನಿರ್ದೇಶಿಸಬೇಕಿದ್ದ ಕಾಲಿನ್ ಟ್ರೆವೊರೊ ಹೊರನಡೆದದ್ದೂ ಏಬ್ರಮ್ಸ್ ಹೆಸರು ಘೋಷಣೆಯಾದದ್ದೂ 2017ರ ಸೆಪ್ಟೆಂಬರ್‌ನಲ್ಲಿ. ರಿಯಾನ್ ಜಾನ್ಸನ್ ನಿರ್ದೇಶಿಸಿದ, ಸರಣಿಯ ಎಂಟನೆಯ ಚಿತ್ರವಾದ ‘ದಿ ಲಾಸ್ಟ್ ಜೆಡೈ’ ತೆರೆಕಂಡದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಯಾರೂ ನೋಡದ ಚಿತ್ರದ ಮೇಲೆ ಯಾರೂ ಮುನಿಸಿಕೊಂಡಿರಲಾರರು.

ಮುನಿಸಿನ ಮೂಲವಿರುವುದು ಸರಣಿಯ ಹಳೆಯ ನಾಯಕ, ಜೆಡೈ ಎಂಬ ಯೋಧಪಂಥದ ಲ್ಯೂಕ್ ಸ್ಕೈವಾಕರ್‌ನ ಪಾತ್ರದಲ್ಲಿ. ಮಲಗಿದ್ದ ಸೋದರಳಿಯ ಬೆನ್‌ನ ಮನಸ್ಸಿನಲ್ಲಿ ಕತ್ತಲೆ ತುಂಬಿರುವುದನ್ನು ಕಂಡು ಲ್ಯೂಕ್ ಒಂದು ಕ್ಷಣ ತನ್ನ ಬೆಳಕಿನ ಕತ್ತಿ, ಲೈಟ್‌ಸೇಬರ್ ಹೊತ್ತಿಸುತ್ತಾನೆ, ಮರುಕ್ಷಣವೇ ನಾಚುತ್ತಾನೆ, ಅಷ್ಟರಲ್ಲಿ ಹುಡುಗ ಕಣ್ಣು ಬಿಟ್ಟಿರುತ್ತಾನೆ. ಖಳನಾಗಿದ್ದ ತನ್ನ ತಂದೆ ಡಾರ್ತ್ ವೇಡರ್‌ನಂಥವನಲ್ಲೂ ಒಳ್ಳೆಯತನವಿದೆ ಎಂದು ನಂಬಿದವನು ಮಲಗಿದ ಮಗುವಿನ ಮೇಲೆ ಆಯುಧ ಎತ್ತುವನೇ ಎಂಬುದು ಆಕ್ಷೇಪ. ಆದರೆ 1983ರ ಚಿತ್ರದ ಕೊನೆಯ ಕಾಳಗವನ್ನು ಇನ್ನೊಮ್ಮೆ ನೋಡಬೇಕು. ತಂಗಿಯ ಸುದ್ದಿಗೆ ಬರುತ್ತೇನೆಂದು ವೇಡರ್ ಬೆದರಿಸಿದೊಡನೆ ಇದೇ ಲ್ಯೂಕ್ ರೊಚ್ಚಿಗೆದ್ದು ತಂದೆಯ ಮೇಲೆ ಬೀಳುತ್ತಾನೆ, ಕೈ ಕಡಿದುಹಾಕುತ್ತಾನೆ, ಆಮೇಲಷ್ಟೇ ತನ್ನ ಕೈಯನ್ನು ನೋಡಿಕೊಂಡು ಆಯುಧವನ್ನು ಎಸೆಯುತ್ತಾನೆ. ತನ್ನವರಿಗೆ ಕೇಡು ಬರುವುದೆಂಬ ಭಯ ಅವನನ್ನು ಎಡವಿಸುವುದು ಹೊಸತಲ್ಲ. ಎಡವಿದ ಮೇಲೆ ಊರುಬಿಟ್ಟು ದ್ವೀಪವೊಂದರಲ್ಲಿ ಅವಿತು ಕುಳಿತದ್ದು ಹೊಸತು, ಅದು ನೋಡಲು ಹಿತವಾಗಿಲ್ಲ ಎಂಬುದನ್ನು ಒಪ್ಪುತ್ತೇನೆ. ಅದೇ ಲ್ಯೂಕ್ ಕೊನೆಯಲ್ಲಿ ಕ್ರೇಟ್ ಗ್ರಹದ ಉಪ್ಪಿನ ಬಯಲಿನಲ್ಲಿ ಈಗ ಖಳನಾಗಿರುವ ಬೆನ್‌ನ ಇಡೀ ಸೇನೆಯೆದುರು ಒಬ್ಬನೇ ನಿಂತು, ಒಬ್ಬರನ್ನೂ ಕೊಲ್ಲದೆ, ಉಳಿದವರು ಪಾರಾಗಲು ಸಮಯ ಒದಗಿಸುತ್ತಾನೆ. ಬೆನ್ ಹೆಜ್ಜೆಯಿಟ್ಟಲ್ಲೆಲ್ಲ ಬಿಳಿಯ ಪದರ ಸರಿದು ಕೆಂಪು ಮಣ್ಣು ಕಾಣುತ್ತದೆ; ಲ್ಯೂಕ್‌ನ ಪಾದದಡಿ ಅಂಥ ಗುರುತು ಒಂದೂ ಇಲ್ಲ, ಏಕೆಂದರೆ ಅವನು ಅಲ್ಲಿಗೆ ಬಂದೇ ಇಲ್ಲ, ದ್ವೀಪದಲ್ಲೇ ಕುಳಿತು ತನ್ನ ಬಿಂಬವನ್ನಷ್ಟೇ ಅಲ್ಲಿ ಮೂಡಿಸಿದ್ದಾನೆ. ನಾಯಕನನ್ನು ಹೀಯಾಳಿಸಲು ಹೊರಟವರು ಇಷ್ಟು ಜತನದಿಂದ ಅವನ ಕೊನೆಯನ್ನು ಕಟ್ಟುತ್ತಿರಲಿಲ್ಲ.

ಹಾಗೆಂದು ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಕ್ಯಾಂಟೊ ಬೈಟ್ ಎಂಬ ಜೂಜಿನ ನಗರದ ಪ್ರಸಂಗ ಅನಗತ್ಯವಾಗಿ ಎಳೆದಾಡುತ್ತದೆ. ಮಹಿಳಾ ಸೇನಾಧಿಕಾರಿ ಅಡ್ಮಿರಲ್ ಹೋಲ್ಡೊ ತನ್ನ ಯೋಜನೆಯನ್ನು ತನ್ನದೇ ಪಡೆಯ ಪೈಲಟ್ ಪೋ ಡ್ಯಾಮೆರಾನ್‌ನಿಂದ ಮುಚ್ಚಿಡುವುದಕ್ಕೆ ಕಥೆ ಮುಂದೆ ಸಾಗಬೇಕೆಂಬುದರ ಹೊರತು ಬೇರೆ ಕಾರಣ ನನಗಂತೂ ಕಾಣಲಿಲ್ಲ. ಇಂಥ ಮಾತುಗಳನ್ನಾಡಿದವರನ್ನೆಲ್ಲ ಸ್ತ್ರೀದ್ವೇಷಿಗಳೆಂದು ತಳ್ಳಿಹಾಕಿದ ಚಿತ್ರಪರ ಗುಂಪಿನದೂ ನ್ಯಾಯವಾದ ನಡೆಯಲ್ಲ.

ಆದರೆ ಆಕ್ಷೇಪ ಬೇರೆ, ದಬ್ಬಾಳಿಕೆ ಬೇರೆ. ಈ ಚಿತ್ರದಲ್ಲಿ ರೋಸ್ ಟಿಕೊ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ತಿಂಗಳುಗಟ್ಟಲೆ ಜನಾಂಗೀಯ ನಿಂದನೆ ಕೇಳಿ, 2018ರ ಜೂನ್‌ನಲ್ಲಿ ತಮ್ಮ ಇನ್‌ಸ್ಟಾಗ್ರಾಂ ಪೋಸ್ಟುಗಳನ್ನೆಲ್ಲ ಅಳಿಸಿಹಾಕಿದರು. 1999ರ ಚಿತ್ರದಲ್ಲಿ ಜಾರ್ ಜಾರ್ ಬಿಂಕ್ಸ್ ಆಗಿದ್ದ ಅಹ್ಮದ್ ಬೆಸ್ಟ್, ಅಂದಿನ ನಿಂದನೆಯಿಂದ ತಾವು ಆತ್ಮಹತ್ಯೆಯ ಅಂಚಿಗೆ ಹೋಗಿದ್ದುದನ್ನು ಅದೇ ವರ್ಷದ ಜುಲೈನಲ್ಲಿ ಹೇಳಿಕೊಂಡರು. ಇಬ್ಬರೂ ಕಥೆ ಬರೆದವರಲ್ಲ, ಕೊಟ್ಟ ಪಾತ್ರವನ್ನು ನಿರ್ವಹಿಸಿದವರು. ನಿಮ್ಮ ಲೇಖನದಲ್ಲಿ ಇವರ ಹೆಸರೇ ಇಲ್ಲದಿರುವುದು ನನಗೆ ವಿಚಿತ್ರವಾಗಿ ಕಂಡಿತು.

ಇನ್ನು, ಲೇಖಕರು ಹೊಗಳಿರುವ ಒಂಬತ್ತನೆಯ ಚಿತ್ರ, 2019ರ ‘ದಿ ರೈಸ್ ಆಫ್ ಸ್ಕೈವಾಕರ್’. ಹೊಸ ಚಿತ್ರಗಳ ನಾಯಕಿ ರೇಯ ತಂದೆತಾಯಿ ಹೆಸರಿಲ್ಲದ ಸಾಮಾನ್ಯರೆಂದೂ ದೊಡ್ಡ ಮನೆತನದಲ್ಲಿ ಹುಟ್ಟದವಳಿಗೂ ಈ ಕಥೆಯಲ್ಲಿ ಜಾಗವಿದೆಯೆಂದೂ ಹಿಂದಿನ ಚಿತ್ರ ಹೇಳಿತ್ತು. ಇದು ಅವಳನ್ನು ಚಕ್ರವರ್ತಿ ಪಾಲ್ಪಟೀನ್‌ನ ಮೊಮ್ಮಗಳನ್ನಾಗಿ ಮಾಡಿ ಮತ್ತೆ ವಂಶಾವಳಿಗೆ ಕಟ್ಟಿಹಾಕಿತು. ರೋಸ್ ಎರಡು ಗಂಟೆಗೂ ಮೀರಿದ ಚಿತ್ರದಲ್ಲಿ ಒಂದು ನಿಮಿಷ ಚಿಲ್ಲರೆ ಕಾಲ ಕಾಣಿಸಿಕೊಳ್ಳುತ್ತಾಳೆ. ಲ್ಯೂಕ್‌ನ ತಂಗಿಯ ಪಾತ್ರ ಮಾಡಿದ್ದ ದಿವಂಗತ ಕ್ಯಾರಿ ಫಿಶರ್ ಅವರ ಹಳೆಯ ತುಣುಕುಗಳೊಡನೆ ಹೆಣೆದಿದ್ದ ರೋಸ್‌ಳ ಕೆಲವು ದೃಶ್ಯಗಳು ತಾಂತ್ರಿಕವಾಗಿ ಕೂಡಿಬರಲಿಲ್ಲವೆಂದು ಚಿತ್ರಕಥೆಗಾರರಲ್ಲೊಬ್ಬರು ವಿವರಿಸಿದ್ದಾರೆ, ಅದನ್ನು ನಂಬೋಣ. ಆದರೆ ರೇ ಬೆಂಕಿಗೆಸೆದ ಲೈಟ್‌ಸೇಬರನ್ನು ಲ್ಯೂಕ್‌ನ ಆತ್ಮ ಬಂದು ಹಿಡಿದು, ಜೆಡೈನ ಆಯುಧಕ್ಕೆ ಇನ್ನಷ್ಟು ಗೌರವ ಸಲ್ಲಬೇಕು ಎನ್ನುವ ದೃಶ್ಯಕ್ಕೆ ಯಾವ ತಾಂತ್ರಿಕ ಕಾರಣವಿದೆ? ಹಿಂದಿನ ಚಿತ್ರದಲ್ಲಿ ಲ್ಯೂಕ್ ಅದೇ ಆಯುಧವನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದುದಕ್ಕೆ ರೇಗಿದ್ದವರಿಗೆ ಕೈಮುಗಿದು ಹೇಳಿದ ಸಮಾಧಾನದಂತೆ ಅದು ಕೇಳಿಸುತ್ತದೆ. ಇಷ್ಟಾಗಿಯೂ ವಿಮರ್ಶಕರಲ್ಲಿ ಅರ್ಧದಷ್ಟು ಮಂದಿಯಷ್ಟೇ ಮೆಚ್ಚಿದರು. ‘ದಿ ಲಾಸ್ಟ್ ಜೆಡೈ’ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 133 ಕೋಟಿ ಡಾಲರ್ ಆದರೆ ಇದರ ಗಳಿಕೆ ಸುಮಾರು 107 ಕೋಟಿಗೆ ನಿಂತಿತು. ದಾರಿಗೆ ಬಂದ ಸರಣಿಯ ಲಕ್ಷಣ ಇದೆಂದು ನನಗನ್ನಿಸುವುದಿಲ್ಲ.

ಲ್ಯೂಕ್ ಪಾತ್ರಧಾರಿ ಮಾರ್ಕ್ ಹ್ಯಾಮಿಲ್ ಅವರೇ ಜಾನ್ಸನ್ ಅವರ ಆಯ್ಕೆಗಳನ್ನು ಒಪ್ಪಿರಲಿಲ್ಲವೆಂಬುದನ್ನು ಲೇಖಕರು ತಮ್ಮ ಪರವಾದ ಸಾಕ್ಷ್ಯವಾಗಿ ಮುಂದಿಟ್ಟಿದ್ದಾರೆ. ಅಂಥ ಅನುಮಾನಗಳನ್ನು ಬಹಿರಂಗವಾಗಿ ಆಡಿದ್ದಕ್ಕೆ ತಮಗೆ ವಿಷಾದವಿದೆಯೆಂದೂ ಜಾನ್ಸನ್ ಶ್ರೇಷ್ಠ ಚಿತ್ರವನ್ನೇ ಮಾಡಿದ್ದಾರೆಂದೂ ಹ್ಯಾಮಿಲ್ 2017ರ ಡಿಸೆಂಬರ್‌ನಲ್ಲೇ ಹೇಳಿದ್ದರು. ಏಬ್ರಮ್ಸ್ ಕುರಿತ ತಿದ್ದುಪಡಿಯ ಜೊತೆಗೆ ಈ ಮಾತನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ,
ಮೈಸೂರು